ಅರವತ್ತು ವರ್ಷಗಳ ಮೌನ: 'ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್' ಕೃತಿಯ ಮರುಓದು

ಕವಿ ಜಾನ್ ನೈಹಾರ್ಟ್ ಅವರ 'ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್' 1932ರಲ್ಲಿ ಪ್ರಕಟವಾಯಿತು. ಲಕೋಟಾ ಜನಾಂಗದ ಓಗ್ಲಾಲಾ ಪಂಗಡಕ್ಕೆ ಸೇರಿದ ವೃದ್ಧರೊಬ್ಬರು ತಮ್ಮ ಬಾಳನ್ನೂ ಬಾಲ್ಯದಲ್ಲಿ ತಮಗಾದ ಮಹಾದರ್ಶನವನ್ನೂ ಹೇಳಿಕೊಂಡ ಕಥನವದು. ಮೊದಲ ಮುದ್ರಣವನ್ನು ಕೊಂಡು ಓದಿದವರು ಕಡಿಮೆ. 1961ರಲ್ಲಿ ಮರುಮುದ್ರಣಗೊಂಡ ಬಳಿಕ ಅದು ಅಮೆರಿಕದ ಮೂಲನಿವಾಸಿಗಳ ಧರ್ಮವನ್ನು ಅರಿಯಬಯಸುವವರೆಲ್ಲರ ಕೈಗೆ ಬಂದಿತು. ಧರ್ಮಗಳ ತೌಲನಿಕ ಅಧ್ಯಯನ ಮಾಡುವ ನಮ್ಮ ವಿದ್ಯಾರ್ಥಿಗಳೂ ಅದನ್ನು ಓದುತ್ತಾರೆ. ಓದಿ ಕಣ್ಣೀರು ತುಂಬಿಕೊಳ್ಳುವವರೂ ಇದ್ದಾರೆ. ಕಥನವು 1890ರ ಡಿಸೆಂಬರ್‌ನಲ್ಲಿ ವೂಂಡೆಡ್ ನೀ ಹತ್ಯಾಕಾಂಡದೊಂದಿಗೆ ಮುಗಿಯುತ್ತದೆ. ಆದರೆ ಕಥನದ ನಾಯಕರು ತೀರಿಕೊಂಡದ್ದು 1950ರ ಆಗಸ್ಟ್ 19ರಂದು. ನಡುವಿನ ಅರವತ್ತು ವರ್ಷಗಳು ಎಲ್ಲಿ ಹೋದವು? ಆ ಅವಧಿಯ ಬಹುಪಾಲನ್ನು ಬ್ಲ್ಯಾಕ್ ಎಲ್ಕ್ ಕಥೋಲಿಕ ಉಪದೇಶಿಯಾಗಿ ಕಳೆದರು. 1904ರ ಡಿಸೆಂಬರ್ 6ರಂದು, ಸಂತ ನಿಕೋಲಾಸರ ಹಬ್ಬದ ದಿನ, ಅವರು ಜ್ಞಾನಸ್ನಾನ ಪಡೆದು ನಿಕೋಲಾಸ್ ಎಂಬ ಹೆಸರನ್ನು ತಾಳಿದರು. ಈ ಸಂಗತಿಯ ಸುಳಿವು ಪುಸ್ತಕದಲ್ಲಿ ಇಲ್ಲವೆಂದರೂ ಸಲ್ಲುತ್ತದೆ. ಈ ಮೌನವನ್ನು ಹೇಗೆ ಓದಬೇಕೆಂಬುದೇ ನಮ್ಮ ಪ್ರಶ್ನೆ.

ಕಥನದ ಹಿನ್ನೆಲೆಯನ್ನು ಮೊದಲು ನೆನೆಯೋಣ. ಪಶ್ಚಿಮದತ್ತ ಹಬ್ಬುವುದು ಅಮೆರಿಕಕ್ಕೆ ದೈವವೇ ವಿಧಿಸಿದ ಹಣೆಬರಹವೆಂಬ ಅರ್ಥದ ಪದಪುಂಜವನ್ನು ಪತ್ರಕರ್ತ ಜಾನ್ ಓ'ಸಲ್ಲಿವನ್ 1845ರಲ್ಲಿ ಬಳಕೆಗೆ ತಂದರು. ಪತ್ರಿಕಾ ಬರಹದ ಮಾತಾದರೂ ಅದು ತೊಟ್ಟದ್ದು ದೈವಶಾಸ್ತ್ರದ ನಿಲುವಂಗಿಯನ್ನು. 1868ರ ಫೋರ್ಟ್ ಲ್ಯಾರಮಿ ಒಪ್ಪಂದವು ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲನ್ನು ಒಳಗೊಂಡ ನೆಲವನ್ನು ಲಕೋಟಾ ಜನರಿಗೆ ಬಿಟ್ಟುಕೊಟ್ಟಿತ್ತು. ವಯಸ್ಕ ಪುರುಷರ ಪೈಕಿ ಮುಕ್ಕಾಲು ಪಾಲು ಜನರ ಸಹಿ ಇಲ್ಲದೆ ಆ ನೆಲದ ಯಾವ ಭಾಗವನ್ನೂ ಮುಂದೆ ಪಡೆಯಲಾಗದೆಂಬ ಷರತ್ತೂ ಅದರಲ್ಲಿತ್ತು. 1874ರಲ್ಲಿ ಕಸ್ಟರ್‌ನ ದಂಡು ಅಲ್ಲಿ ಚಿನ್ನವಿದೆಯೆಂದು ಸಾರಿತು. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಕಸ್ಟರ್ ಮಡಿದಾಗ ಬ್ಲ್ಯಾಕ್ ಎಲ್ಕ್ ಹದಿಮೂರು ತುಂಬದ ಬಾಲಕ. ಮರುವರ್ಷ, ಹತ್ತರಲ್ಲೊಂದು ಪಾಲು ಪುರುಷರ ಸಹಿಯನ್ನಷ್ಟೇ ಇಟ್ಟುಕೊಂಡು, ಸರ್ಕಾರ ಬೆಟ್ಟಗಳನ್ನು ತನ್ನದಾಗಿಸಿಕೊಂಡಿತು. 1980ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇದನ್ನು ಅನ್ಯಾಯದ ಸ್ವಾಧೀನವೆಂದು ಒಪ್ಪಿ, ಬಡ್ಡಿಸಹಿತ ಹತ್ತು ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ಎತ್ತಿಹಿಡಿಯಿತು. ಲಕೋಟಾ ಜನರು ಆ ಹಣವನ್ನು ಮುಟ್ಟಲಿಲ್ಲ. ಅವರು ಕೇಳಿದ್ದು ಬೆಟ್ಟಗಳನ್ನು.

ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ನಾಬೋತ ನೆನಪಾಗದಿರನು. ಅಹಾಬನು ಬೆಲೆ ಕೊಡಲು ಸಿದ್ಧನಿದ್ದನು, ಬದಲಿ ತೋಟವನ್ನೂ ಕೊಡುವೆನೆಂದನು. ಪಿತೃಗಳಿಂದ ಬಂದ ಸ್ವತ್ತು ಮಾರಾಟದ ವಸ್ತುವಲ್ಲವೆಂಬುದೇ ನಾಬೋತನ ಉತ್ತರವಾಗಿತ್ತು. ಆ ಅಧ್ಯಾಯದ ಇನ್ನೊಂದು ವಿವರವನ್ನು ನಮ್ಮ ಪ್ರಬೋಧನೆಗಳಲ್ಲಿ ಸಾಮಾನ್ಯವಾಗಿ ಮರೆಯುತ್ತೇವೆ: ತೋಟವನ್ನು ಕಸಿಯುವ ಮುನ್ನ ಈಜೆಬೆಲಳು ಉಪವಾಸವನ್ನು ಸಾರಿಸುತ್ತಾಳೆ; ದೇವದೂಷಣೆಯ ಆರೋಪ ಹೊರಿಸುತ್ತಾಳೆ. ಕಳವಿಗೆ ಮುಂಚೆ ಒಂದು ಆರಾಧನಾ ವಿಧಿ ನಡೆಯುತ್ತದೆ. ಪಶ್ಚಿಮ ವಿಸ್ತರಣೆಯಲ್ಲಿ ಧರ್ಮವು ವಹಿಸಿದ ಪಾತ್ರವನ್ನು ಇದಕ್ಕಿಂತ ನಿಖರವಾಗಿ ಹೇಳುವ ಪಾಠ ಬೈಬಲಿನಲ್ಲಿ ನಮಗೆ ಸಿಕ್ಕಿಲ್ಲ. ವಲಸಿಗರು ತಮ್ಮನ್ನು ವಾಗ್ದತ್ತ ನಾಡಿಗೆ ನಡೆದ ಇಸ್ರಯೇಲರೆಂದು ಭಾವಿಸಿದರು. ಹಾಗಾದರೆ ಕಾನಾನ್ಯರು ಯಾರಾದರು? ಓಸೇಜ್ ಜನಾಂಗದ ವಿದ್ವಾಂಸ ರಾಬರ್ಟ್ ಅಲೆನ್ ವಾರಿಯರ್ 1989ರಲ್ಲಿ ಬರೆದ ಲೇಖನವೊಂದರಲ್ಲಿ ಈ ಪ್ರಶ್ನೆಯನ್ನು ವಿಮೋಚನಾ ದೈವಶಾಸ್ತ್ರದ ಮುಂದೆಯೇ ಇಟ್ಟರು. ವಿಮೋಚನಕಾಂಡವನ್ನು ಉತ್ಸಾಹದಿಂದ ಬೋಧಿಸುವ ನಮ್ಮಂಥವರಿಗೆ ಆ ಲೇಖನವನ್ನು ಓದಿದ ಮೇಲೆ ತರಗತಿಗೆ ಹೋಗುವುದು ಅಷ್ಟು ಸುಲಭವಲ್ಲ.

ಈಗ ಪುಸ್ತಕ ಹುಟ್ಟಿದ ಬಗೆಯನ್ನು ನೋಡೋಣ. 1931ರ ಮೇ ತಿಂಗಳಲ್ಲಿ ಬ್ಲ್ಯಾಕ್ ಎಲ್ಕ್ ಲಕೋಟಾ ಭಾಷೆಯಲ್ಲಿ ನುಡಿದರು. ಮಗ ಬೆನ್ ಇಂಗ್ಲಿಷಿಗೆ ತಿರುಗಿಸಿದರು. ನೈಹಾರ್ಟರ ಮಗಳು ಎನಿಡ್ ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಆ ಬರಹವನ್ನು ಮುಂದಿಟ್ಟುಕೊಂಡು ಕವಿ ಕೃತಿಯನ್ನು ರಚಿಸಿದರು. ಎನಿಡ್ ಅವರ ಮೂಲ ಟಿಪ್ಪಣಿಗಳನ್ನು ಮಾನವಶಾಸ್ತ್ರಜ್ಞ ರೇಮಂಡ್ ಡಿಮ್ಯಾಲಿ 1984ರಲ್ಲಿ 'ದ ಸಿಕ್ಸ್ತ್ ಗ್ರ್ಯಾಂಡ್‌ಫಾದರ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ, ಶುಭಸಂದೇಶಗಳನ್ನು ಸಮಾನಾಂತರವಾಗಿ ಓದಲು ಕಲಿತವರಿಗೆ ಪರಿಚಿತವಾದ ಅನುಭವವೇ ಆಗುತ್ತದೆ: ಸಂಪಾದಕನ ಕೈ ಎಲ್ಲಿ ಸುಳಿದಿದೆಯೆಂದು ಕಾಣತೊಡಗುತ್ತದೆ. ಜನಾಂಗದ ಬಳೆ ಒಡೆಯಿತು, ಪವಿತ್ರ ವೃಕ್ಷ ಒಣಗಿತು ಎಂಬ ಭಾವದ ಆ ಪ್ರಸಿದ್ಧ ಕೊನೆಯ ಮಾತುಗಳು ಎನಿಡ್ ಅವರ ಟಿಪ್ಪಣಿಗಳಲ್ಲಿಲ್ಲ. ಅವು ನೈಹಾರ್ಟರದೇ ರಚನೆ. ಅತಿ ಹೆಚ್ಚು ಉದ್ಧೃತವಾಗುವ ಭಾಗವೇ ಬ್ಲ್ಯಾಕ್ ಎಲ್ಕರ ಬಾಯಿಂದ ಬಾರದ ಭಾಗ.

ನೈಹಾರ್ಟ್ ವಂಚಕರೆಂದು ನಾವು ಹೇಳುತ್ತಿಲ್ಲ. ಅವರು ಆ ವೃದ್ಧರನ್ನು ಪ್ರೀತಿಸಿದರು. ಬ್ಲ್ಯಾಕ್ ಎಲ್ಕರೂ ಅವರನ್ನು ಮಗನೆಂದೇ ಸ್ವೀಕರಿಸಿದರು. ಆದರೆ ಅವರು ಬರೆದದ್ದು ಶೋಕಕಾವ್ಯ. ಶೋಕಕಾವ್ಯಕ್ಕೆ ಒಂದು ಸಾವು ಬೇಕು. ಟ್ರ್ಯಾಕ್ಟರು, ಭಾನುವಾರದ ಪ್ರಾರ್ಥನಾಕೂಟ, ಮಕ್ಕಳು ಮೊಮ್ಮಕ್ಕಳು, ಮುರುಕು ಕಾರು ಇವೆಲ್ಲ ಆ ಕಾವ್ಯದಲ್ಲಿ ಹಿಡಿಸವು. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಮೂಲನಿವಾಸಿಗಳು ಮುಗಿದುಹೋದರು, ಅದೊಂದು ಸುಂದರ ಕನಸಾಗಿತ್ತು ಎಂದು ಅಳುವ ಓದುಗನಿಗೆ ಹಿಂದಿರುಗಿಸಬೇಕಾದ ಹೊಣೆಯೇನೂ ಉಳಿಯುವುದಿಲ್ಲ. ಸತ್ತವರಿಗೆ ನೆಲವೇಕೆ? ನೆಲವನ್ನು ಕಸಿದ ನಾಗರಿಕತೆಯು ಕಸಿದ ಮೇಲೆ ಕಣ್ಣೀರು ಸುರಿಸುವುದನ್ನೂ ತನ್ನ ಸಂಸ್ಕೃತಿಯ ಭಾಗವಾಗಿಸಿಕೊಂಡಿತು. ಪುಸ್ತಕವು ಶೋಕಿಸುವ ಜನರೇ ಅರ್ಧ ಶತಮಾನದ ಬಳಿಕ ನ್ಯಾಯಾಲಯದಲ್ಲಿ ಗೆದ್ದು ಹಣವನ್ನು ನಿರಾಕರಿಸಿದರೆಂಬುದನ್ನು ಓದುಗನು ಮರೆಯಬಾರದು. 1979ರ ಆವೃತ್ತಿಗೆ ಮುನ್ನುಡಿ ಬರೆದ ಮೂಲನಿವಾಸಿ ಚಿಂತಕ ವೈನ್ ಡಿಲೋರಿಯಾ ಕೃತಿಯನ್ನು ಮೆಚ್ಚಿದರು, ನಿಜ. ಆದರೆ ಅವರು ಅದರಲ್ಲಿ ಕಂಡದ್ದು ತಮ್ಮ ಯುವಜನರು ಧರ್ಮವನ್ನು ಮತ್ತೆ ಕಟ್ಟಿಕೊಳ್ಳಲು ನೆರವಾಗುವ ಗ್ರಂಥವನ್ನು, ಸಮಾಧಿಲೇಖವನ್ನಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಪಕ್ಷಕ್ಕೆ ಅನುಕೂಲ: ಬಿಳಿಯ ಕವಿಯೊಬ್ಬ ಕಥೋಲಿಕ ಉಪದೇಶಿಯನ್ನು ಮರೆಮಾಡಿದ, ಯೇಸುಸಭೆಯ ಮೈಕೆಲ್ ಸ್ಟೆಲ್ಟನ್‌ಕ್ಯಾಂಪ್ 1993ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ಮೂಲಕ ಅವರನ್ನು ಮರಳಿ ಕೊಟ್ಟರು ಎನ್ನಬಹುದು. ಸ್ಟೆಲ್ಟನ್‌ಕ್ಯಾಂಪರ ಕೃತಿ ಬೆಲೆಯುಳ್ಳದ್ದೇ. ಬ್ಲ್ಯಾಕ್ ಎಲ್ಕರ ಮಗಳು ಲೂಸಿಯ ನೆನಪುಗಳ ಮೇಲೆ ಅದು ನಿಂತಿದೆ. ಆದರೆ ಲೂಸಿ ಹೇಳಿದ ಮುಖ್ಯ ಪ್ರಸಂಗವನ್ನೇ ಎಚ್ಚರದಿಂದ ಓದಿರಿ. 1904ರಲ್ಲಿ ಬ್ಲ್ಯಾಕ್ ಎಲ್ಕ್ ಸಾವಿನಂಚಿನ ಹುಡುಗನೊಬ್ಬನಿಗೆ ತಮ್ಮ ಪದ್ಧತಿಯಂತೆ ಚಿಕಿತ್ಸೆ ಮಾಡುತ್ತಿದ್ದಾಗ ಯೇಸುಸಭೆಯ ಲಿಂಡೆಬ್ನರ್ ಸ್ವಾಮಿಗಳು ಒಳಬಂದು, ಡೋಲು ಗಿಲಕಿಗಳನ್ನು ಹೊರಗೆಸೆದು, ಸೈತಾನನನ್ನು ಗದರಿಸಿ, ಬಳಿಕ ಬ್ಲ್ಯಾಕ್ ಎಲ್ಕರನ್ನು ಬಂಡಿಯಲ್ಲಿ ಕೂರಿಸಿಕೊಂಡು ಮಿಶನ್ನಿಗೆ ಕರೆದೊಯ್ದರಂತೆ. ಎರಡು ವಾರಗಳಲ್ಲಿ ಜ್ಞಾನಸ್ನಾನ. ಲೂಸಿ ಇದನ್ನು ಕೃತಜ್ಞತೆಯಿಂದ ಹೇಳುತ್ತಾರೆ. ಅವರ ಮಾತನ್ನು ಅನುಮಾನಿಸಲು ನಮಗೆ ಅಧಿಕಾರವಿಲ್ಲ. ಆದರೆ ಗುರುಪಟ್ಟ ಪಡೆದವರಾದ ನಾವು ಆ ಎಸೆದ ಡೋಲಿನ ಸದ್ದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗಲಾರೆವು.

ಹೋಲಿ ರೋಸರಿ ಮಿಶನ್ 1888ರಲ್ಲಿ ಸ್ಥಾಪನೆಯಾದದ್ದು ಕ್ಯಾಥರಿನ್ ಡ್ರೆಕ್ಸೆಲ್ ಅವರ ದಾನದಿಂದ. ಈಗ ಅವರು ಸಂತರ ಸಾಲಿನಲ್ಲಿದ್ದಾರೆ. ಕಪ್ಪು ನಿಲುವಂಗಿಯ ಗುರುಗಳು ಬೇಕೆಂದು ನಾಯಕ ರೆಡ್ ಕ್ಲೌಡ್ ತಾವೇ ಕೇಳಿದ್ದರು. ಅಧ್ಯಕ್ಷ ಗ್ರಾಂಟರ ನೀತಿಯಂತೆ ಮೀಸಲು ಪ್ರದೇಶಗಳನ್ನು ಕ್ರೈಸ್ತ ಪಂಗಡಗಳಿಗೆ ಹಂಚುವಾಗ ಪೈನ್ ರಿಜ್ ಎಪಿಸ್ಕೋಪಲ್ ಸಭೆಯ ಪಾಲಾಗಿತ್ತು. ಯಾವ ಜನಾಂಗವನ್ನು ಯಾವ ಸಭೆ ತಿದ್ದಬೇಕೆಂದು ಸರ್ಕಾರ ಪಟ್ಟಿ ಮಾಡಿದ ಆ ಕಾಲದಲ್ಲಿ ರೆಡ್ ಕ್ಲೌಡ್ ತಾವಾಗಿಯೇ ಕೇಳಿದರು. 1890ರ ಡಿಸೆಂಬರ್ 29ರಂದು, ಕ್ರಿಸ್‌ಮಸ್ ಕಳೆದ ನಾಲ್ಕನೆಯ ದಿನ, ಏಳನೆಯ ಅಶ್ವದಳ ವೂಂಡೆಡ್ ನೀ ಹಳ್ಳದ ಬಳಿ ಗುಂಡಿನ ಮಳೆಗರೆಯಿತು. 146 ಶವಗಳನ್ನು ಒಂದೇ ಹೊಂಡದಲ್ಲಿ ಹೂಳಲಾಯಿತು. ಒಟ್ಟು ಸತ್ತವರು ಮುನ್ನೂರರ ಹತ್ತಿರವೆಂಬ ಅಂದಾಜೂ ಇದೆ. ಮರುದಿನ ಇದೇ ಹೋಲಿ ರೋಸರಿ ಮಿಶನ್ನಿನ ಸಮೀಪ ನಡೆದ ಕಾದಾಟದಲ್ಲಿ ಬ್ಲ್ಯಾಕ್ ಎಲ್ಕರ ಹೊಟ್ಟೆಗೆ ಗುಂಡು ತಗುಲಿತು. ತಾವು ಗಾಯಗೊಂಡ ನೆಲದ ಪಕ್ಕದಲ್ಲಿಯೇ, ಹದಿನಾಲ್ಕು ವರ್ಷಗಳ ಬಳಿಕ, ಅವರು ಜ್ಞಾನಸ್ನಾನದ ನೀರಿಗೆ ತಲೆಬಾಗಿದರು. ಈ ಭೂಗೋಳವನ್ನು ಮರೆತ ಮತಾಂತರದ ಚರ್ಚೆ, ಅದು ಯಾವ ಕಡೆಯದಾದರೂ, ಹಗುರವಾಗಿಬಿಡುತ್ತದೆ.

ಹಾಗಾದರೆ ಅದು ಸೋತವನ ಶರಣಾಗತಿಯೇ? ಹಲವು ವಿಮರ್ಶಕರು ಹಾಗೆಂದಿದ್ದಾರೆ. ಇದನ್ನು ಒಪ್ಪಲು ಒಂದು ದಾಖಲೆ ಅಡ್ಡಬರುತ್ತದೆ. ಬಫಲೊ ಬಿಲ್ಲನ ಪ್ರದರ್ಶನ ತಂಡದೊಡನೆ ಯುರೋಪಿಗೆ ಹೋಗಿ 1889ರಲ್ಲಿ ಮರಳಿದ ಬ್ಲ್ಯಾಕ್ ಎಲ್ಕ್, ಲಕೋಟಾ ಪತ್ರಿಕೆಗೆ ಬರೆದ ಕಾಗದದಲ್ಲಿ, ಬಿಳಿಯರ ರೂಢಿಗಳಲ್ಲಿ ಅವರ ದೇವನಂಬಿಕೆಯೊಂದನ್ನೇ ತಾನು ಅರಿಯಬಯಸಿದೆನೆಂಬ ಭಾವವನ್ನು ಹೇಳಿ, ಪ್ರೀತಿಯನ್ನು ಕುರಿತ ಪೌಲರ ಮಾತುಗಳನ್ನು ಸ್ಮರಿಸುತ್ತಾರೆ. ಹತ್ಯಾಕಾಂಡಕ್ಕೆ ಮೊದಲಿನ ಕಾಗದವಿದು. ಅಂದಮೇಲೆ ಅವರೊಳಗೆ ಕ್ರಿಸ್ತನ ಕುರಿತ ವಿಚಾರ ಬಂದೂಕಿನ ಹಿಂದೆ ಬಂದದ್ದಲ್ಲ. ಮುಂಚೆಯೇ ಬಂದು, ಬಂದೂಕನ್ನು ಕಂಡೂ ಉಳಿದುಕೊಂಡದ್ದು.

ದರ್ಶನದ ವಿಷಯ ಇನ್ನೂ ಸೂಕ್ಷ್ಮ. ಒಂಬತ್ತನೆಯ ವಯಸ್ಸಿನಲ್ಲಿ ಕಾಯಿಲೆ ಬಿದ್ದ ಬಾಲಕ ಆರು ಪಿತಾಮಹರನ್ನು, ನಾಲ್ಕು ದಿಕ್ಕುಗಳ ಕುದುರೆಗಳನ್ನು, ಕೆಂಪು ಮತ್ತು ಕಪ್ಪು ಹಾದಿಗಳನ್ನು, ಅನೇಕ ಬಳೆಗಳು ಕೂಡಿದ ಒಂದೇ ಬಳೆಯ ನಡುವೆ ಎಲ್ಲ ಜನಾಂಗಗಳಿಗೂ ನೆರಳಾದ ಹೂಬಿಟ್ಟ ಮರವನ್ನು ಕಂಡನು. ಮಿಶನರಿ ಲಕೋಂಬ್ ರೂಪಿಸಿದ, 'ಎರಡು ಹಾದಿಗಳು' ಎಂದು ಕರೆಯಲಾಗುವ ಚಿತ್ರಪಟವನ್ನು ತೂಗುಹಾಕಿ ಬ್ಲ್ಯಾಕ್ ಎಲ್ಕ್ ವರ್ಷಗಟ್ಟಲೆ ಧರ್ಮೋಪದೇಶ ಮಾಡಿದ್ದರು. 1931ರಲ್ಲಿ ಹೇಳಿದ ದರ್ಶನಕ್ಕೆ ಆ ಪಟದ ಬಣ್ಣ ತಗುಲಿದೆಯೆಂಬುದು ಸ್ಟೆಲ್ಟನ್‌ಕ್ಯಾಂಪರ ಸೂಚನೆ. ಇರಬಹುದು. ನೈಹಾರ್ಟ್ ಕೈಬಿಟ್ಟ ಎರಡು ಸಂಗತಿಗಳು ನಮಗೆ ಅದಕ್ಕಿಂತ ಮುಖ್ಯವಾಗಿ ತೋರುತ್ತವೆ. ಮೊದಲನೆಯದು, ದರ್ಶನದಲ್ಲಿ ದೊರೆತ ವಿನಾಶಕ ಮೂಲಿಕೆ: ಶತ್ರುಗಳನ್ನು ಹೆಂಗಸರು ಮಕ್ಕಳೆನ್ನದೆ ಅಳಿಸಬಲ್ಲ ಶಕ್ತಿ ತಮಗಿತ್ತೆಂದೂ ಕಥೋಲಿಕರಾಗುವಾಗ ಅದನ್ನು ತೊರೆದೆವೆಂದೂ ಬ್ಲ್ಯಾಕ್ ಎಲ್ಕ್ ಹೇಳಿದ್ದು ಟಿಪ್ಪಣಿಗಳಲ್ಲಿದೆ. ಎರಡನೆಯದು, 1890ರ ಪ್ರೇತನೃತ್ಯದ ದಿನಗಳಲ್ಲಿ ಪವಿತ್ರ ವೃಕ್ಷಕ್ಕೆ ಒರಗಿ ಕೈಚಾಚಿ ನಿಂತವನಾಗಿ ಅವರಿಗೆ ಕಂಡ ಪುರುಷ. ಅವನ ಅಂಗೈಗಳಲ್ಲಿ ಗಾಯಗಳಿದ್ದಂತೆ ತೋರಿತೆಂಬ ಮಾತು ಎನಿಡ್ ಅವರ ಬರಹದಲ್ಲಿದೆ, ಅಚ್ಚಾದ ಪುಸ್ತಕದಲ್ಲಿಲ್ಲ. ಉಪದೇಶಿಯ ನೆನಪು ಹಿಂದಿನದಕ್ಕೆ ಬಣ್ಣ ಬಳಿದಿರಬಹುದು. ಪ್ರೇತನೃತ್ಯದ ಪ್ರವರ್ತಕ ವೊವೊಕಾ ಕ್ರೈಸ್ತ ಕುಟುಂಬವೊಂದರ ಜಮೀನಿನಲ್ಲಿ ಬೆಳೆದವನಾದ್ದರಿಂದ ಆ ಬಿಂಬ ಮೊದಲೇ ಅಲ್ಲಿದ್ದಿರಲೂಬಹುದು. ಹೇಗಾದರೂ, ಮೂಲಿಕೆಯನ್ನು ತೊರೆದುದೂ ಗಾಯಗೊಂಡ ಕೈಗಳೂ ಒಂದೇ ಕಥೆಯ ಎರಡು ಕೊನೆಗಳು. ಸೇಡಿನ ಶಕ್ತಿಯುಳ್ಳವನು ಅದನ್ನು ಕೆಳಗಿಟ್ಟದ್ದನ್ನು ಸೋಲೆನ್ನಲು ನಮ್ಮ ಶಾಸ್ತ್ರ ಒಪ್ಪದು. ಹುತಾತ್ಮ ಜಸ್ಟಿನರು ಹೇಳಿದ ವಾಕ್ಯದ ಬೀಜಗಳನ್ನು ನಾವು ಬಹುಮಟ್ಟಿಗೆ ಪುಸ್ತಕದ ಮಾತಾಗಿ ಕಲಿಸುತ್ತೇವೆ. ಇಲ್ಲಿ ಅದು ಒಬ್ಬ ಮನುಷ್ಯನ ಹೊಟ್ಟೆಯ ಗಾಯದವರೆಗೆ ಇಳಿದಿದೆ.

1934ರ ಜನವರಿಯಲ್ಲಿ ಬ್ಲ್ಯಾಕ್ ಎಲ್ಕ್ ಹೇಳಿಕೆಯೊಂದಕ್ಕೆ ಸಹಿ ಹಾಕಿ, ತಾವು ಕಥೋಲಿಕರೆಂದೂ ಪುಸ್ತಕ ಚಿತ್ರಿಸಿದವರು ತಾವಲ್ಲವೆಂದೂ ತಿಳಿಸಿದರು. ಇದರ ಹಿಂದೆ ಮಿಶನ್ ಗುರುಗಳ ಒತ್ತಾಯವಿತ್ತೆಂದು ಶಂಕಿಸುವ ವಿದ್ವಾಂಸರಿದ್ದಾರೆ, ಶಂಕೆ ನಿರಾಧಾರವೆನ್ನಲಾರೆವು. ಅದೇ ದಶಕದಲ್ಲಿ ಅವರು ಬ್ಲ್ಯಾಕ್ ಹಿಲ್ಸ್‌ನಲ್ಲಿ ಪ್ರವಾಸಿಗರೆದುರು ಲಕೋಟಾ ವಿಧಿಗಳನ್ನು ನಡೆಸಿ ತೋರಿಸುತ್ತಿದ್ದರು. ಬದುಕಿನ ಕೊನೆಯಲ್ಲಿ ಜೋಸೆಫ್ ಎಪ್ಸ್ ಬ್ರೌನ್ ಅವರಿಗೆ ಪವಿತ್ರ ಚಿಲುಮೆಯ ವಿಧಿಗಳನ್ನು ವಿವರಿಸಿದರು. ಎಣಿಸಿದರೆ ಅವು ಏಳು; ಜೀವನವಿಡೀ ಸಂಸ್ಕಾರಗಳನ್ನು ಬೋಧಿಸಿದ ಉಪದೇಶಿಯ ಎಣಿಕೆ ಅದು. ಅವರು ಎರಡು ಮನೆಗಳಲ್ಲಿ ಬಾಳಿದರೆಂದು ಒಂದು ಪಕ್ಷ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆಂದು ಮತ್ತೊಂದು ಪಕ್ಷ. ಮನೆ ಒಂದೇ, ಅದರ ಬಾಗಿಲುಗಳನ್ನು ಎಣಿಸುತ್ತಿರುವವರು ನಾವು ಎಂದೇ ನಮಗೆ ತೋರುತ್ತದೆ.

2023ರ ಮಾರ್ಚ್‌ನಲ್ಲಿ ಪವಿತ್ರ ಪೀಠವು 'ಆವಿಷ್ಕಾರದ ಸಿದ್ಧಾಂತ'ವನ್ನು ತಿರಸ್ಕರಿಸಿತು. ಅಮೆರಿಕದ ನ್ಯಾಯಾಲಯ 1823ರಲ್ಲಿ ಮೂಲನಿವಾಸಿಗಳ ನೆಲದ ಹಕ್ಕನ್ನು ಕುಗ್ಗಿಸಿದ್ದು ಆ ಸಿದ್ಧಾಂತದ ಬಲದಿಂದಲೇ. ಪ್ರಕಟಣೆಯಲ್ಲಿ ಹೆಸರಿಸಲಾದ ಮೂರು ಆಜ್ಞಾಪತ್ರಗಳಲ್ಲಿ 1455ರದೂ ಒಂದು. ಪೋರ್ಚುಗೀಸರ ಪದ್ರುವಾದೊ ಹಕ್ಕಿಗೆ, ಆ ಮೂಲಕ ನಮ್ಮ ಕೆನರಾ ಕರಾವಳಿಯ ಹಳೆಯ ಧರ್ಮಕೇಂದ್ರಗಳ ಆಡಳಿತಕ್ಕೆ ತಳಹದಿಯಾದ ಪತ್ರಗಳಲ್ಲಿ ಅದೂ ಸೇರಿದೆ. ಆದುದರಿಂದ ಇದು ದೂರದ ದೇಶದ ಕಥೆಯೆಂದು ನಾವು ಪುಟ ತಿರುವಲಾಗದು.

2016ರಲ್ಲಿ ಬ್ಲ್ಯಾಕ್ ಹಿಲ್ಸ್‌ನ ಅತ್ಯುನ್ನತ ಶಿಖರಕ್ಕೆ ಬ್ಲ್ಯಾಕ್ ಎಲ್ಕರ ಹೆಸರಿಡಲಾಯಿತು. ಅದುವರೆಗೆ ಅದು 1855ರಲ್ಲಿ ಲಕೋಟಾ ಬೀಡೊಂದರ ಮೇಲೆರಗಿದ ಸೇನಾಧಿಪತಿ ಹಾರ್ನಿಯ ಹೆಸರನ್ನು ಹೊತ್ತಿತ್ತು. 2017ರಲ್ಲಿ ರ‍್ಯಾಪಿಡ್ ಸಿಟಿ ಧರ್ಮಕ್ಷೇತ್ರವು ಅವರನ್ನು ಸಂತರೆಂದು ಘೋಷಿಸುವ ಪ್ರಕ್ರಿಯೆಗೆ ಚಾಲನೆ ಕೊಟ್ಟಿತು. ಆ ಕಡತದಲ್ಲಿ 1904ರ ಜ್ಞಾನಸ್ನಾನದ ದಾಖಲೆ ಇರುತ್ತದೆ, 1934ರ ಹೇಳಿಕೆ ಇರುತ್ತದೆ, ಅವರ ಉಪದೇಶದಿಂದ ನಾನೂರಕ್ಕೂ ಮಿಕ್ಕ ಜನ ಸಭೆಗೆ ಸೇರಿದರೆಂಬ ಮಿಶನ್ನಿನ ಲೆಕ್ಕವೂ ಇರುತ್ತದೆ. ಎನಿಡ್ ಅವರ ಟಿಪ್ಪಣಿಗಳನ್ನು ಮೊದಲ ಪುಟದಿಂದ, ಡೋಲಿನ ಪ್ರಸಂಗವನ್ನು ಲೂಸಿ ಹೇಳಿದ ಹಾಗೆಯೇ, ಅದರೊಳಗೆ ಇಡುವರೇ ಎಂದು ತಿಳಿಯಲು ನಾವು ಕಾದಿದ್ದೇವೆ.