ರಾಯರ ಕೆರೆ ಬತ್ತಿತು, ತುರ್ತು ಕಾಲುವೆ ಹರಿಯುತ್ತಿದೆ

ವಿಜಯನಗರ ಯಾಕೆ ಬಿತ್ತು ಎಂದು ಕೇಳಿದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ಹೇಳುವ ಉತ್ತರ, ಅವರಿಗೇ ಗೊತ್ತಿಲ್ಲದಂತೆ, ರಾಬರ್ಟ್ ಸಿವೆಲ್‌ನ ಪುಸ್ತಕದಿಂದ ಬಂದದ್ದು. ಮದ್ರಾಸ್ ಸಿವಿಲ್ ಸರ್ವೀಸಿನಲ್ಲಿದ್ದು ನಿವೃತ್ತನಾದ ಈ ಇಂಗ್ಲಿಷ್ ಅಧಿಕಾರಿ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದ್ದು 1900ರಲ್ಲಿ. 1565ರ ಜನವರಿಯಲ್ಲಿ ದಖ್ಖನಿನ ಸುಲ್ತಾನರೊಂದಿಗೆ ಒಂದೇ ಯುದ್ಧ, ಆಡಳಿತ ನಡೆಸುತ್ತಿದ್ದ ರಾಮರಾಯನ ತಲೆ ಈಟಿಯ ತುದಿಗೆ, ಆಮೇಲೆ ಐದು ತಿಂಗಳ ಕೊಳ್ಳೆ, ಅಲ್ಲಿಗೆ ಎಲ್ಲ ಮುಗಿಯಿತು. ಶಾಲೆಯ ಪಾಠ, ನಾಟಕ, ಹಂಪೆಯ ಗೈಡುಗಳ ಬಾಯಿಪಾಠ ಎಲ್ಲದರಲ್ಲೂ ಇದೇ ಕಥೆ. ನೂರಿಪ್ಪತ್ತೈದು ವರ್ಷ ದಾಟಿದ ಪುಸ್ತಕವನ್ನು ಈಗ ಮತ್ತೆ ಓದಿದರೆ ಒಂದು ವಿಚಿತ್ರ ಕಾಣುತ್ತದೆ: ಸಿವೆಲ್ ಹೇಳುವ ಕಥೆಯನ್ನು ಅವನೇ ಕರೆತಂದ ಸಾಕ್ಷಿಗಳು ಪೂರ್ತಿ ಒಪ್ಪುವುದಿಲ್ಲ.

ಮೊದಲು ಅವನಿಗೆ ಸಲ್ಲಬೇಕಾದದ್ದು ಸಲ್ಲಲಿ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸ್ ಮತ್ತು ಅಚ್ಯುತರಾಯನ ಕಾಲದಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟ ಪೋರ್ಚುಗೀಸ್ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯವೊಂದರಲ್ಲಿದ್ದವು. ಡೇವಿಡ್ ಲೋಪೆಸ್ ಅವನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಮೂರೇ ವರ್ಷದಲ್ಲಿ ಸಿವೆಲ್ ಇಂಗ್ಲಿಷಿಗೆ ತಂದು ತನ್ನ ಪುಸ್ತಕದ ಕೊನೆಗೆ ಸೇರಿಸಿದ. ಈ ಕೆಲಸ ಆಗದಿದ್ದರೆ ಹಂಪೆಯ ಮಹಾನವಮಿ ದಿಬ್ಬವನ್ನು ನೋಡುವ ನಮ್ಮ ಕಣ್ಣಿಗೆ ಕಲ್ಲಷ್ಟೇ ಕಾಣುತ್ತಿತ್ತು.

ತಕರಾರು ಇರುವುದು ಪತನದ ಅಧ್ಯಾಯದ ಬಗ್ಗೆ. ಲೋಕದ ಚರಿತ್ರೆಯಲ್ಲೇ ಇಷ್ಟು ದೊಡ್ಡ ನಗರ ಇಷ್ಟು ದಿಢೀರನೆ ಹಾಳಾದದ್ದಿಲ್ಲ ಎಂಬ ಧಾಟಿಯಲ್ಲಿ ಸಿವೆಲ್ ಬರೆಯುತ್ತಾನೆ. ಬೆನ್ನಿಗೇ ವೆನಿಸಿನ ವ್ಯಾಪಾರಿ ಸೀಸರ್ ಫೆಡೆರಿಚಿಯ ಸಾಕ್ಷ್ಯವನ್ನೂ ಕೊಡುತ್ತಾನೆ. ಯುದ್ಧವಾಗಿ ಎರಡು ವರ್ಷಕ್ಕೆ, 1567ರಲ್ಲಿ, ಆ ನಗರದಲ್ಲೇ ತಿಂಗಳುಗಟ್ಟಲೆ ಇದ್ದವನು ಫೆಡೆರಿಚಿ. ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಖಾಲಿ ಎನ್ನುತ್ತಾನೆ ಅವನು. ಜನ ಯಾಕೆ ವಾಪಸು ಬರಲಿಲ್ಲ? ಅದಕ್ಕೂ ಸುಳಿವು ಅಲ್ಲೇ ಇದೆ. ರಾಮರಾಯನ ತಮ್ಮ ತಿರುಮಲ ರಾಜಧಾನಿಗೆ ಮರಳಿ ಬಂದ, ಸೈನ್ಯ ಕಟ್ಟಲು ಕುದುರೆ ಬೇಕಾಯಿತು, ತಂದವರಿಗೆ ಒಳ್ಳೆಯ ಬೆಲೆ ಕೊಡುತ್ತೇನೆ ಎಂದು ಸಾರಿದ. ಯುದ್ಧದಲ್ಲಿ ಕಳೆದುಹೋದ ಅವನದೇ ಕುದುರೆಗಳನ್ನು ತಂದರೂ ಸರಿ, ದುಡ್ಡು ಕೊಡುತ್ತೇನೆ ಎಂದ. ವ್ಯಾಪಾರಿಗಳು ತಂದರು. ಆತ ಕುದುರೆಗಳನ್ನು ಇಟ್ಟುಕೊಂಡು ಬರಿಗೈಯಲ್ಲಿ ಅಟ್ಟಿದ. ತಿರುಮಲ ಕೊನೆಗೆ ಪೆನುಕೊಂಡೆಗೆ ಹೋದ. ಸಾಮ್ರಾಜ್ಯ ಪೆನುಕೊಂಡೆಯಲ್ಲೂ ಚಂದ್ರಗಿರಿಯಲ್ಲೂ ಹದಿನೇಳನೇ ಶತಮಾನದ ನಡುವಿನವರೆಗೆ ಉಸಿರಾಡಿತು. ಸತ್ತದ್ದು ನಗರ, ಮತ್ತು ಅದರ ಮೇಲೆ ಪೇಟೆಗಿದ್ದ ನಂಬಿಕೆ.

ಇದಕ್ಕಿಂತ ದೊಡ್ಡ ಪಾಠ ನೂನಿಜ್ ಮತ್ತು ಪಾಯೆಸ್ ಇಬ್ಬರೂ ವರ್ಣಿಸುವ ಒಂದು ಕೆರೆಯಲ್ಲಿದೆ. ಎರಡು ಗುಡ್ಡಗಳ ನಡುವಿನ ಬಾಯಿಗೆ ಕೃಷ್ಣದೇವರಾಯ ಏರಿ ಹಾಕಿಸುತ್ತಿದ್ದ. ಹದಿನೈದೋ ಇಪ್ಪತ್ತೋ ಸಾವಿರ ಆಳು ಇರುವೆಗಳ ಹಾಗೆ ಮುತ್ತಿಕೊಂಡಿದ್ದನ್ನು ಪಾಯೆಸ್ ಕಣ್ಣಾರೆ ಕಂಡ. ಏರಿ ಎರಡು ಮೂರು ಸಲ ಒಡೆಯಿತು. ದೇವರಿಗೆ ರಕ್ತ ಬೇಕಂತೆ ಎಂದರು. ಅರವತ್ತು ಕೈದಿಗಳ ತಲೆ ಹೋಯಿತು, ಜೊತೆಗೆ ಕುದುರೆ, ಕೋಣ. ಗೋವೆಯಿಂದ ಬಂದ ಪೋರ್ಚುಗೀಸ್ ಕಲ್ಲುಕೆಲಸದವನೂ ಕೈ ಹಾಕಿದ್ದ ಎಂದು ನೂನಿಜ್ ಬರೆಯುತ್ತಾನೆ. ಕೊನೆಗೆ ಕೆರೆ ನಿಂತಿತು, ಅದರ ನೀರುಣ್ಣುವ ಭೂಮಿಗೆ ಒಂಬತ್ತು ವರ್ಷ ಕಂದಾಯ ಮಾಫಿ ಮಾಡಿ ಗದ್ದೆ ತೋಟ ಎಬ್ಬಿಸಿದರು. ಇದು ಹೊಸಪೇಟೆಯ ಬಳಿ, ಸಂಡೂರು ಗುಡ್ಡಗಳ ಬಾಯಲ್ಲಿರುವ ಬತ್ತಿದ ಕೆರೆಯೇ ಇರಬೇಕೆಂದು ಸಿವೆಲ್ ಅಡಿಟಿಪ್ಪಣಿಯಲ್ಲಿ ಗುರುತಿಸುತ್ತಾನೆ. ಜನ ಅದನ್ನು ರಾಯರ ಕೆರೆ ಎನ್ನುತ್ತಾರೆ. ಸಿವೆಲ್ ಕಾಲಕ್ಕಾಗಲೇ ಅದರಲ್ಲಿ ನೀರಿರಲಿಲ್ಲ. ಅಷ್ಟು ಜೀವ ತಿಂದ ಏರಿ ರಸ್ತೆಯಾಗಿತ್ತು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಹಾಳು ಮಂಟಪಗಳ ಪಕ್ಕದಲ್ಲೇ, ತುರ್ತು ಕಾಲುವೆ ಹರಿಯುತ್ತಿದೆ. ಕಮಲಾಪುರದಿಂದ ಹಂಪೆಗೆ ಹೋಗುವವರು ಬಾಳೆತೋಟ, ಕಬ್ಬು, ಭತ್ತದ ಗದ್ದೆ ನೋಡಿ ‘ಎಷ್ಟು ಹಸಿರು’ ಅನ್ನುತ್ತಾರಲ್ಲ, ಅದು ಈ ನೀರಿನದು. ತುಂಗಭದ್ರೆಗೆ ಅಡ್ಡಲಾಗಿ ದೊಡ್ಡ ಗುಂಡುಕಲ್ಲು ಜೋಡಿಸಿ ಕಟ್ಟಿದ ತಗ್ಗು ಅಣೆಕಟ್ಟುಗಳಿಂದ ಹೊರಟ ಇಂಥ ಕಾಲುವೆಗಳು ನದಿಯ ಎರಡೂ ದಡದಲ್ಲಿದ್ದವು. ಬಿಜಾಪುರದವರು, ಮರಾಠರು, ಹೈದರ್, ಟಿಪ್ಪು, ನಿಜಾಮ ಎಲ್ಲರೂ ಬಂದು ಹೋದರು, 1800ರಲ್ಲಿ ಕಂಪನಿ ಬಂತು. ಕಾಲುವೆ ನಿಲ್ಲಲಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯ ಎದ್ದಾಗ ಕೆಲವು ಹಳೆಯ ಅಣೆಕಟ್ಟುಗಳು ಮುಳುಗಿದವು. ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು.

ಕೆರೆ ಬತ್ತಿ ಕಾಲುವೆ ಉಳಿಯಲು ಕಾರಣ ಏನು? ಮೊದಲನೆಯದು ಸರಳ: ಕೆರೆಗೆ ಮಳೆ ಬೇಕು, ಬಳ್ಳಾರಿ ಸೀಮೆಯ ಮಳೆಯನ್ನು ನೆಚ್ಚಲಾಗದು; ಕಾಲುವೆಗೆ ಮಲೆನಾಡಿನಿಂದ ಬರುವ ನದಿಯಿದೆ. ‘ಫೀಲ್ಡ್ಸ್ ಆಫ್ ವಿಕ್ಟರಿ’ (1995) ಬರೆದ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ಈ ಗದ್ದೆ, ಕೆರೆ, ಕಾಲುವೆಗಳ ನಡುವೆ ವರ್ಷಗಟ್ಟಲೆ ಅಲೆದು ಕೆಲಸ ಮಾಡಿದವರು. ಸಿವೆಲ್‌ಗೆ ಕಾಣದ ವಿಜಯನಗರ ಅವರಲ್ಲಿದೆ. ಎರಡನೆಯದು ಮನುಷ್ಯರದು. ತಗ್ಗು ಅಣೆಕಟ್ಟಿನ ಕಲ್ಲು ಜಾರಿದರೆ ಊರಿನವರೇ ಸೇರಿ ಎತ್ತಿಡಬಹುದು, ಹೂಳು ತೆಗೆಯಬಹುದು, ನೀರುಗಂಟಿ ತೂಬು ನೋಡಿಕೊಳ್ಳುತ್ತಾನೆ. ರಾಯರ ಕೆರೆಯ ಏರಿ ಒಡೆದರೆ ಇಪ್ಪತ್ತು ಸಾವಿರ ಆಳನ್ನು ಮತ್ತೆ ಕಲೆಹಾಕಲು ಇನ್ನೊಬ್ಬ ರಾಯನೇ ಬೇಕು.

ಇದೇ ಲೆಕ್ಕ ಗುಡಿಗಳಿಗೂ ಹೊಂದುತ್ತದೆ. ವಿಠ್ಠಲನ ಗುಡಿ ಶಿಲ್ಪದಲ್ಲಿ ಎಷ್ಟೋ ಮೇಲು, ಕಲ್ಲಿನ ರಥ ಈಗ ನೋಟಿನ ಮೇಲೂ ಇದೆ, ಒಳಗೆ ಪೂಜೆಯಿಲ್ಲ. ವಿರೂಪಾಕ್ಷನಿಗೆ ಇವತ್ತೂ ಮೂರು ಹೊತ್ತೂ ಪೂಜೆ, ಚೈತ್ರದಲ್ಲಿ ತೇರು, ಪಂಪಾದೇವಿಯ ಕಲ್ಯಾಣ. ವಿಜಯನಗರ ಕಟ್ಟಿದ ಸಂಗಮ ವಂಶದವರು ಬರುವ ಮೊದಲೇ ಅಲ್ಲಿ ಪಂಪೆಯಿದ್ದಳು, ಅವಳ ಒಕ್ಕಲೂ ಇತ್ತು. ರಾಜರು ಗೋಪುರ, ರಂಗಮಂಟಪ ಕಟ್ಟಿಸಿ ದೊಡ್ಡದು ಮಾಡಿದರು ಅಷ್ಟೇ. ಮಹಾನವಮಿ ಮಾತ್ರ ಇದಕ್ಕೆ ಅಪವಾದ: ಅದು ಅರಮನೆಯದೇ ಹಬ್ಬ, ಆದರೂ ಉಳಿಯಿತು, ಯಾಕೆಂದರೆ 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ಮೈಸೂರಿನ ರಾಜ ಒಡೆಯರು ಅದನ್ನು ತಮ್ಮದಾಗಿಸಿಕೊಂಡರು.

ಇಲ್ಲಿಗೆ ಬಂದು ನಿಂತರೆ ಒಂದು ಅಪಾಯವಿದೆ. ‘ಸಾಮ್ರಾಜ್ಯ ಅಳಿದರೂ ನಮ್ಮ ಸಂಸ್ಕೃತಿ ಉಳಿಯಿತು, ಅದು ಅಷ್ಟು ಶ್ರೇಷ್ಠ’ ಎಂದು ಎದೆ ತಟ್ಟಿಕೊಳ್ಳುವ ಭಾಷಣ ನಮಗೆ ಹೊಸದಲ್ಲ. ಹೊಸಪೇಟೆ, ಕೂಡ್ಲಿಗಿ ಕಡೆ ದೇವದಾಸಿ ಪದ್ಧತಿಯೂ ಉಳಿಯಿತು. ಪಾಯೆಸ್ ಕಂಡ ದೇವಾಲಯದ ಹೆಣ್ಣುಮಕ್ಕಳು ಮೈತುಂಬ ಒಡವೆ ಹಾಕಿಕೊಂಡು ಒಳ್ಳೆಯ ಬೀದಿಯ ಮನೆಗಳಲ್ಲಿದ್ದರು. ಆಶ್ರಯ ಕೊಟ್ಟ ಆಸ್ಥಾನ ಹೋಯಿತು, ಮುತ್ತು ಕಟ್ಟುವುದು ಬಡ ದಲಿತ ಮನೆಗಳಲ್ಲಿ ಮುಂದುವರಿಯಿತು. ಅದನ್ನು ತಡೆಯಲು 1982ರಲ್ಲಿ ರಾಜ್ಯ ಸರಕಾರ ಕಾಯಿದೆ ತರಬೇಕಾಯಿತು, ಕಾಯಿದೆ ಬಂದ ಮೇಲೂ ಅದು ಒಮ್ಮೆಗೇ ನಿಲ್ಲಲಿಲ್ಲ. ನೀರುಗಂಟಿಯ ಕೆಲಸವೂ ಅಷ್ಟೇ, ಬಹಳ ಕಡೆ ಅದು ಜಾತಿಯ ಜೊತೆ ಬಂದ ಬಿಟ್ಟಿ ಚಾಕರಿ. ಬಾಳಿಕೆ ಬಂದದ್ದೆಲ್ಲ ಬಾಳಬೇಕಾದದ್ದೇ ಆಗಿರಲಿಲ್ಲ. ಹಿಡಿದುಕೊಂಡ ಕೈಗಳು ಹಲವು ಇದ್ದವು, ಕೆಲವು ಕೈಗಳಿಗೆ ಬಿಡುವ ಸ್ವಾತಂತ್ರ್ಯವೇ ಇರಲಿಲ್ಲ.

ಸಿವೆಲ್‌ನ ಪುಸ್ತಕದಲ್ಲಿ ಈ ಯಾವ ಪ್ರಶ್ನೆಯೂ ಏಳುವುದಿಲ್ಲ. ಅವನಿಗೆ ಬೇಕಿದ್ದದ್ದು ರಾಜರ ವಂಶಾವಳಿ, ಯುದ್ಧ, ವೈಭವ, ಸರ್ವನಾಶ. ಹಿಂದೂ ಮುಸ್ಲಿಂ ಎಂಬ ಎರಡು ಪಾಳೆಯದ ಗೆರೆ ಎಳೆದರೆ ಕಥೆ ಸಲೀಸು. ರಾಮರಾಯ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಆಡಿದ ಆಟದ ವಿವರ ಅವನಲ್ಲಿದೆ, ಆದರೆ ತೀರ್ಪಿನ ಹೊತ್ತಿಗೆ ಅದು ಹಿಂದೆ ಸರಿಯುತ್ತದೆ. ಇಷ್ಟಾದರೂ ಪುಸ್ತಕವನ್ನು ಬದಿಗಿಡುವ ಹಾಗಿಲ್ಲ. ಓದುವವರು ಹಿಂದಿನಿಂದ ಶುರು ಮಾಡಿ: ಮೊದಲು ಪಾಯೆಸ್, ಆಮೇಲೆ ನೂನಿಜ್, ಕೊನೆಯಲ್ಲಿ ಸಿವೆಲ್. ಹಂಪೆಗೆ ಹೋದಾಗ ಕಲ್ಲಿನ ರಥದ ಮುಂದೆ ಸೆಲ್ಫಿ ಆದ ಮೇಲೆ ತುರ್ತು ಕಾಲುವೆಯ ದಡದಲ್ಲೂ ಒಂದಿಷ್ಟು ನಡೆಯಿರಿ, ಟಿಕೆಟ್ ಇಲ್ಲ.