‘ಸಾಂಪ್ರದಾಯಿಕ’ ಎಂಬ ಹಣೆಪಟ್ಟಿ

ಧ್ವನಿಮುದ್ರಿಕೆಯಲ್ಲಿ ಕರ್ತೃವಿನ ಹೆಸರಿರಬೇಕಾದೆಡೆ ‘ಸಾಂಪ್ರದಾಯಿಕ’ ಎಂದಿದ್ದರೆ ಆ ಹಾಡು ಯಾರೊಬ್ಬರ ಸೊತ್ತೂ ಅಲ್ಲವೆಂದರ್ಥ. ರಾಕ್ ಸಂಗೀತದ ಚರಿತ್ರೆಯಲ್ಲಿ ಈ ಪದದ ಮರೆಯಲ್ಲಿ ಅನ್ಯಾಯಗಳೂ ನಡೆದಿವೆ.

1964ರಲ್ಲಿ ‘ದಿ ಅನಿಮಲ್ಸ್’ ತಂಡ ಹಾಡಿದ ‘ದ ಹೌಸ್ ಆಫ್ ದ ರೈಸಿಂಗ್ ಸನ್’ ನಿಜಕ್ಕೂ ಅಮೆರಿಕದ ಜನಪದ ಗೀತೆ. ಅದಕ್ಕೆ ಹೊಸ ರೂಪ ಕೊಟ್ಟವರು ಐವರು; ಹಿಲ್ಟನ್ ವ್ಯಾಲೆಂಟೈನ್ ಅವರ ಗಿಟಾರಿಲ್ಲದೆ ಅದನ್ನು ನೆನೆಯುವುದೇ ಕಷ್ಟ. ಆದರೂ ಸಂಯೋಜಕರೆಂದು ಅಚ್ಚಾದುದು ಆರ್ಗನ್ ನುಡಿಸಿದ ಅಲನ್ ಪ್ರೈಸ್ ಅವರ ಹೆಸರೊಂದೇ. ಸಂಯೋಜನೆಯ ರಾಯಧನವೂ ಅವರಿಗೇ ಸಂದಿತು.

ಲೆಡ್ ಜೆಪ್ಪೆಲಿನ್ ತಂಡದ 1969ರ ಮೊದಲ ಆಲ್ಬಮ್ಮಿನ ‘ಬೇಬ್ ಐಯಾಮ್ ಗೊನಾ ಲೀವ್ ಯು’ ಹಾಡಿನಲ್ಲಿ ಆ ಪದವೇ ತಪ್ಪಾಗಿತ್ತು. ಜೋನ್ ಬಯೇಜ್ ಅವರ 1962ರ ಧ್ವನಿಮುದ್ರಿಕೆಯಿಂದ ತಂಡಕ್ಕೆ ದೊರೆತ ಈ ಹಾಡನ್ನು 1950ರ ದಶಕದಲ್ಲಿ ರಚಿಸಿದವರು ಆನ್ ಬ್ರೆಡನ್. ಮಂದ್ರದಿಂದ ಅಬ್ಬರಕ್ಕೇರುವ ನಿರೂಪಣೆ ತಂಡದ್ದೇ ಸಾಧನೆ, ನಿಜ. ಆದರೆ ಜೀವಂತವಿದ್ದ ಕರ್ತೃವಿನ ಹೆಸರು ಸೇರಲು 1990ರವರೆಗೆ ಕಾಯಬೇಕಾಯಿತು.

ಹಾಡು ಬಾಯಿಂದ ಬಾಯಿಗೆ ಸಾಗುವುದು ಸಹಜ. ಹಾಗೆ ಸಾಗುವಾಗ ಕಟ್ಟಿದವರ ಹೆಸರು ಉದುರಿಹೋಗುವುದೂ ಉಂಟು. ಆದ್ದರಿಂದಲೇ ‘ಜನಪದ’ವೆಂದು ಬರೆದುಕೊಳ್ಳುವ ಮುನ್ನ ‘ಇದನ್ನು ಕಟ್ಟಿದವರಾರು?’ ಎಂದು ವಿಚಾರಿಸುವುದು ಗಾಯಕರಿಗೂ ಸಂಗ್ರಾಹಕರಿಗೂ ಸಮಾನ ಕರ್ತವ್ಯ.