ಎಂ. ಕೆ. ಇಂದಿರಾ ಅವರ ಗೃಹಜೀವನವೂ ಗ್ರಂಥರಚನೆಯೂ

ಕನ್ನಡದ ಕಾದಂಬರಿಗಾರ್ತಿಯರಲ್ಲಿ ಶ್ರೀಮತಿ ಎಂ. ಕೆ. ಇಂದಿರಾ ಅವರ ವಿಷಯವಾಗಿ ಒಂದು ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಅವರಿಗೆ ಶಾಲೆಯ ಓದು ಅಲ್ಪವಾಗಿದ್ದರೂ ಜೀವನಾನುಭವವು ಆ ಕೊರತೆಯನ್ನು ತುಂಬಿಕೊಟ್ಟಿತೆಂಬುದೇ ಆ ಮಾತು. ತರಗತಿಗಳಲ್ಲಿ ಅಧ್ಯಾಪಕರು ಇದನ್ನು ಹೇಳುವುದುಂಟು. ಈ ಲೇಖಕನೂ ಹಲವು ವರ್ಷ ಹೇಳಿದವನೇ. ಪ್ರಶಂಸೆಯೆಂದು ಆಡುವ ಈ ಮಾತಿನಲ್ಲಿ ಒಂದು ದೋಷವಡಗಿದೆಯೆಂದು ಈಚೆಗೆ ನಮಗೆ ತೋರುತ್ತ ಬಂದಿದೆ. ಆದಕಾರಣ ಅವರ ಜೀವನದ ಕೆಲವು ಸಂಗತಿಗಳನ್ನೂ, ‘ಫಣಿಯಮ್ಮ’, ‘ಗೆಜ್ಜೆಪೂಜೆ’ ಎಂಬ ಎರಡು ಕೃತಿಗಳನ್ನೂ ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸಿ ನೋಡಬೇಕೆಂದು ಈ ಲೇಖನಕ್ಕೆ ತೊಡಗಿದ್ದೇವೆ.

ಕಡೂರೆಂಬ ಹೆಸರು ಈಗ ಒಂದು ತಾಲ್ಲೂಕಿಗೆ ಮಾತ್ರ ಸಲ್ಲುತ್ತದೆ. 1947ರ ವರೆಗೆ ಈಗಿನ ಚಿಕ್ಕಮಗಳೂರು ಜಿಲ್ಲೆಯೇ ಕಡೂರು ಜಿಲ್ಲೆಯೆನಿಸಿತ್ತು. ಬಯಲಿನ ಕಡೂರು ಅಜ್ಜಂಪುರಗಳಿಂದ ಹೊರಟು, ಅರೆಮಲೆನಾಡಾದ ತರೀಕೆರೆಯನ್ನು ದಾಟಿ, ಭದ್ರೆಯ ಕಡೆಯ ದಟ್ಟಡವಿಯೊಳಗೆ ಹೊಕ್ಕರೆ ನರಸಿಂಹರಾಜಪುರ ಸಿಕ್ಕುತ್ತದೆ. ಮೊದಲು ಯಡೇಹಳ್ಳಿಯೆಂದಿದ್ದ ಈ ಊರು ಮೈಸೂರಿನ ಯುವರಾಜರ ಭೇಟಿಯ ನೆನಪಿಗಾಗಿ ಹೊಸ ಹೆಸರನ್ನು ಪಡೆಯಿತು. ತರೀಕೆರೆಯಿಂದ ಅಲ್ಲಿಗೆ ಒಂದು ಕಾಲದಲ್ಲಿ ಕಿರಿಯಳತೆಯ ರೈಲೂ ಓಡುತ್ತಿತ್ತು. ಇಂದಿರಾ ಅವರು ಜನಿಸಿದುದು 1917ನೆಯ ಜನವರಿ 5ರಂದು, ತುಂಗೆಯ ದಡದ ತೀರ್ಥಹಳ್ಳಿಯಲ್ಲಿ. ಅವರ ಸ್ವಂತ ಊರು ನರಸಿಂಹರಾಜಪುರ. ಮೊದಲು ಅಚ್ಚಾದ ಕಾದಂಬರಿಗೆ ಅವರು ‘ತುಂಗಭದ್ರಾ’ ಎಂದು ಹೆಸರಿಟ್ಟುದನ್ನು ನೋಡಿದಾಗ, ಹುಟ್ಟಿದ ಊರಿನ ಹೊಳೆಯನ್ನೂ ಮನೆತನದ ಊರಿನ ಹೊಳೆಯನ್ನೂ ಒಂದಾಗಿ ನೆನೆದರೆಂದು ಭಾವಿಸಲು ಮನಸ್ಸಾಗುತ್ತದೆ.

ತಂದೆ ತರೀಕೆರೆ ಸೂರ್ಯನಾರಾಯಣರಾಯರು ಅನುಕೂಲವಂತರಾದ ಕೃಷಿಕರು, ತಾಯಿ ಬನಶಂಕರಮ್ಮನವರು. ಟಿಯೆಸ್ಸಾರ್ ಎಂದು ಪ್ರಸಿದ್ಧರಾಗಿ ‘ಪ್ರಜಾವಾಣಿ’ಯಲ್ಲಿ ಬರೆಯುತ್ತಿದ್ದ ಟಿ. ಎಸ್. ರಾಮಚಂದ್ರರಾಯರು ಇಂದಿರಾ ಅವರ ಸೋದರರು. ಇಲ್ಲಿ ವಾಚಕರು ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ತಂದೆಯ ಹೆಸರಿನ ಮುಂದಿದ್ದ ಊರೂ ತಂದೆಯ ಹೆಸರೂ ಮಗನ ಅಂಕಿತದಲ್ಲಿ ಎರಡು ಅಕ್ಷರಗಳಾಗಿ ಉಳಿದುವು. ಮಗಳ ಹೆಸರಿನ ಮುಂದೆ ನಿಂತುದು ಪತಿ ಕೃಷ್ಣರಾಯರ ಅಕ್ಷರಗಳು. ಇದು ಎಲ್ಲ ಮನೆಗಳಲ್ಲಿಯೂ ನಡೆದುಬಂದ ಪದ್ಧತಿಯಾದುದರಿಂದ ಯಾರೂ ಇದನ್ನು ವಿಶೇಷವೆಂದು ಎಣಿಸುವುದಿಲ್ಲ. ಆದರೆ ಒಂದೇ ಮನೆಯಲ್ಲಿ ಬೆಳೆದು, ಒಂದೇ ತಾಯಿಯ ಬಾಯಿಂದ ಕನ್ನಡವನ್ನು ಕಲಿತ ಇಬ್ಬರಲ್ಲಿ ಒಬ್ಬರಿಗೆ ಬರಹವು ಉದ್ಯೋಗವಾಯಿತು. ಮತ್ತೊಬ್ಬರಿಗೆ ಅದು ನಲವತ್ತೈದರ ವಯಸ್ಸಿನಲ್ಲಿ ದೊರೆತ ವಸ್ತುವಾಯಿತು. ಇಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಬೇರೆ ಸಿಕ್ಕುವುದು ಕಷ್ಟ. ಪ್ರತಿಭೆಯ ವ್ಯತ್ಯಾಸದಿಂದ ಹೀಗಾಯಿತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಇಂದಿರಾ ಅವರ ಶಾಲೆಯ ಓದು ಏಳು ವರ್ಷದ್ದು. ಹನ್ನೆರಡರಲ್ಲಿ ವಿವಾಹವಾಯಿತು. ಬ್ರಿಟಿಷ್ ಇಂಡಿಯಕ್ಕಾಗಿ ಶಾರದಾ ಕಾಯಿದೆಯು ಹೆಣ್ಣಿನ ವಿವಾಹಕ್ಕೆ 14 ವರ್ಷವೆಂದು ಮಿತಿಯಿಟ್ಟುದು 1929ರಲ್ಲಿ. ಅದೇ ವರ್ಷವೇ ಇಂದಿರಾ ಅವರಿಗೆ ಹನ್ನೆರಡು ತುಂಬಿತ್ತು. ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಬಹಳ ಮುಂಚಿತವಾಗಿ, 1894ರಲ್ಲಿಯೇ, ಶಾಸನ ಮಾಡಿತ್ತೆಂದು ನಾವು ಹೆಮ್ಮೆಪಡುವುದು ನ್ಯಾಯವೇ. ಆದರೆ ಆ ಶಾಸನವು ತಡೆದುದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನೂ, ಹದಿನಾಲ್ಕರೊಳಗಿನವರನ್ನು ಐವತ್ತು ದಾಟಿದವರಿಗೆ ಕೊಡುವುದನ್ನೂ ಮಾತ್ರ. ಹನ್ನೆರಡರ ಹುಡುಗಿಗೆ ಅದರಿಂದ ಯಾವ ರಕ್ಷಣೆಯೂ ಇರಲಿಲ್ಲ. ಉನ್ನತ ವಿದ್ಯೆ ಸಂಸ್ಥಾನದಲ್ಲಿ ಇರಲಿಲ್ಲವೆಂದಲ್ಲ. ಮೈಸೂರಿನ ಮಹಾರಾಣಿ ಶಾಲೆ 1881ರಲ್ಲಿ ಸ್ಥಾಪಿತವಾಗಿತ್ತು. ಇಂದಿರಾ ಅವರು ಹುಟ್ಟುವುದಕ್ಕೆ ಸುಮಾರು ಹತ್ತು ವರ್ಷ ಹಿಂದೆಯೇ ಆ ಸಂಸ್ಥೆಯ ಸ್ತ್ರೀಯರು ಪದವಿ ಪಡೆದಿದ್ದರು. ವಿದ್ಯೆಯು ರಾಜಧಾನಿಯಲ್ಲಿತ್ತು, ಹುಡುಗಿಯು ಮಲೆನಾಡಿನಲ್ಲಿದ್ದಳು. ನಡುವಣ ದಾರಿಯಲ್ಲಿ ಗಂಡುಮಕ್ಕಳು ಹೋಗಿಬರುತ್ತಿದ್ದರು.

ಮನೆಯಲ್ಲಿ ಓದಿಗೆ ಸಂಪೂರ್ಣ ತಡೆಯಿತ್ತೆಂದು ಹೇಳಿದರೆ ಅದೂ ತಪ್ಪಾದೀತು. ಇಂದಿರಾ ಅವರಿಗೆ ಹಳೆಯ ಕನ್ನಡ ಕಾವ್ಯಗಳ ಪರಿಚಯವಿತ್ತು. ಹಿಂದಿ ಸಾಹಿತ್ಯವನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಕಡೂರು ಸೀಮೆಯ ದೇವನೂರಿನವನಾದ ಲಕ್ಷ್ಮೀಶನ ಜೈಮಿನಿಭಾರತವು ಅಕ್ಷರವರಿಯದ ಹೆಂಗಸರಿಗೂ ಕಿವಿಯಿಂದ ಪರಿಚಿತವಾಗಿದ್ದ ನಾಡು ಇದು. ಕೇಳಿ ಕಲಿಯುವ ಈ ವಿದ್ಯೆಯನ್ನು ನಾವು ಕೀಳುಗಳೆಯುವುದಿಲ್ಲ. ಇಂದಿರಾ ಅವರ ಗದ್ಯದ ಸಲೀಸಾದ ನಡಿಗೆಗೆ ಅದರ ಋಣವುಂಟೆಂದೇ ನಮ್ಮ ಅಭಿಪ್ರಾಯ. ಆದರೆ ಓದುವ ವಿದ್ಯೆ ಬೇರೆ, ಬರೆದು ಪ್ರಕಟಿಸುವುದಕ್ಕೆ ಬೇಕಾದ ಹೊತ್ತು, ಏಕಾಂತ, ಧೈರ್ಯಗಳು ಬೇರೆ. ಮೊದಲನೆಯದನ್ನು ಮನೆಯು ಕೊಡಬಲ್ಲದು. ಎರಡನೆಯದನ್ನು ಅದು ಸೊಸೆಗೂ ತಾಯಿಗೂ ಕೊಡುತ್ತಿರಲಿಲ್ಲ.

ಇದರ ಸತ್ಯವನ್ನು ಕಾಣಬೇಕಾದರೆ ಇಂದಿರಾ ಅವರಿಗಿಂತ ಹಿರಿಯರಾದ ನಂಜನಗೂಡು ತಿರುಮಲಾಂಬಾ ಅವರನ್ನು ನೆನೆಯಬೇಕು. 1887ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದರು, ತಂದೆಯ ಮನೆಯಲ್ಲಿ ತಂದೆಯಿಂದಲೇ ವಿದ್ಯೆಯನ್ನು ಪಡೆದರು, ಇಪ್ಪತ್ತಾರರ ಪ್ರಾಯದಲ್ಲಿ ‘ಸುಶೀಲೆ’ಯನ್ನು ಪ್ರಕಟಿಸಿದರು, ಗ್ರಂಥಮಾಲೆಯನ್ನೂ ಪತ್ರಿಕೆಗಳನ್ನೂ ನಡೆಸಿದರು. ಶಾಲೆಯ ಓದಿನಲ್ಲಿ ಇಂದಿರಾ ಅವರಿಗಿಂತ ಅವರು ಅನುಕೂಲಸ್ಥರಾಗಿದ್ದರೆಂದು ತೋರುವುದಿಲ್ಲ. ವ್ಯತ್ಯಾಸವಿದ್ದುದು ಮನೆಯೊಳಗಣ ಸ್ಥಾನದಲ್ಲಿ. ಮನಸ್ಸುಳ್ಳ ತಂದೆಯೊಬ್ಬನಿದ್ದರೆ ವಿಧವೆಗೆ ಬರೆಯುವ ಹೊತ್ತು ದೊರೆಯುತ್ತಿತ್ತು. ಸುಖಿಯೆನಿಸಿಕೊಂಡ ಗೃಹಿಣಿಗೆ ದೊರೆಯುತ್ತಿರಲಿಲ್ಲ. ಕೇಳುವುದಕ್ಕೆ ಕಠಿಣವಾದ ಮಾತಾದರೂ ಆ ಕಾಲದ ಲೇಖಕಿಯರ ಚರಿತ್ರೆಯನ್ನು ಓದುವವನಿಗೆ ಇದು ಹೊಳೆಯದೆ ಹೋಗದು.

ಇನ್ನು ಕಿರಿಯರ ಕಡೆಗೆ ತಿರುಗಿದರೆ, ತ್ರಿವೇಣಿಯವರು 1928ರಲ್ಲಿ ಹುಟ್ಟಿದರು, ಪದವೀಧರೆಯಾದರು, ಇಪ್ಪತ್ತು ಕಾದಂಬರಿಗಳನ್ನು ಬರೆದು 1963ರಲ್ಲಿ, ಮೂವತ್ತನಾಲ್ಕು ವರ್ಷಕ್ಕೇ, ತೀರಿಕೊಂಡರು. ಅವರಿಗಿಂತ ಹನ್ನೊಂದು ವರ್ಷ ಹಿರಿಯರಾದ ಇಂದಿರಾ ಅವರ ‘ತುಂಗಭದ್ರಾ’ ಹೊರಬಂದುದೂ 1963ರಲ್ಲಿಯೇ. ಕಿರಿಯರ ಕೆಲಸ ಮುಗಿದ ವರ್ಷದಲ್ಲಿ ಹಿರಿಯರ ಕೆಲಸವು ಮೊದಲಾಯಿತು. ಅದೇ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಅನುಪಮಾ ನಿರಂಜನ ಅವರು ವೈದ್ಯಶಾಸ್ತ್ರವನ್ನು ಓದಿ ವೈದ್ಯರೂ ಲೇಖಕಿಯೂ ಆದರು. ಹದಿನೇಳು ವರ್ಷಗಳ ಅಂತರದಲ್ಲಿ ಒಂದೇ ಊರು ಇಬ್ಬರಿಗೆ ತೆರೆದ ದಾರಿಗಳು ಎಷ್ಟು ಭಿನ್ನವಾದುವು!

ಈಗ ಗ್ರಂಥಗಳಿಗೆ ಬರೋಣ. ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. ಗ್ರಂಥಕರ್ತ್ರಿಯು ಬಾಲ್ಯದಲ್ಲಿ ಕಂಡಿದ್ದ ಒಬ್ಬ ವೃದ್ಧೆಯ ನಿಜವಾದ ಚರಿತ್ರೆಯೇ ಅದರ ವಸ್ತು. ಆ ವೃದ್ಧೆಯು ಬನಶಂಕರಮ್ಮನವರಿಗೆ ತನ್ನ ಕಥೆಯನ್ನು ಹೇಳಿಕೊಂಡುದರಿಂದ ಅದು ಮಗಳ ಕಿವಿಗೆ ಬಿತ್ತು. ಮಗುವಾಗಿದ್ದಾಗಲೇ ಮದುವೆಯಾಗಿ, ಮಗುವಾಗಿದ್ದಾಗಲೇ ಗಂಡನನ್ನು ಕಳೆದುಕೊಂಡು, ಮೈನೆರೆದ ಮೇಲೆ ಕೇಶಮುಂಡನಕ್ಕೊಳಗಾಗಿ, ನೂರು ವರ್ಷಕ್ಕೂ ಮಿಕ್ಕು ಬದುಕಿದ ಹೆಂಗಸು ಫಣಿಯಮ್ಮ. ಈಕೆಗೆ ಓದಿಲ್ಲ, ಸಂಸಾರವಿಲ್ಲ, ಉದ್ಯೋಗವೆಂಬ ಹೆಸರೂ ಇಲ್ಲ. ಆದರೆ ಈಕೆ ಬಿಡುವಾಗಿ ಕುಳಿತ ಒಂದು ದಿನವೂ ಕಥೆಯಲ್ಲಿ ಕಾಣುವುದಿಲ್ಲ. ದೊಡ್ಡ ಕೂಡುಕುಟುಂಬದ ಅಡಿಗೆ, ಬಾಣಂತನ, ರೋಗಿಗಳ ಶುಶ್ರೂಷೆಗಳೆಲ್ಲ ಇವಳ ಕೈಯಿಂದಲೇ ನಡೆಯುತ್ತವೆ. ಅಸ್ಪೃಶ್ಯಳೆನಿಸಿಕೊಂಡ ಹೆಣ್ಣೊಬ್ಬಳು ಪ್ರಸವವಾಗಲಾರದೆ ಸಾಯುವ ಸ್ಥಿತಿಯಲ್ಲಿದ್ದಾಗ ಮಡಿಹೆಂಗಸಾದ ಈಕೆಯ ಸಣ್ಣ ಕೈ ಆ ಜೀವವನ್ನು ಉಳಿಸುವ ಪ್ರಸಂಗವು ಗ್ರಂಥದಲ್ಲಿ ಅತ್ಯುತ್ತಮವಾದುದು. ಆ ಕೈಗೆ ಅಂತಹ ನೈಪುಣ್ಯ ಹೇಗೆ ಬಂದಿತೆಂಬುದನ್ನು ಗ್ರಂಥಕರ್ತ್ರಿ ವಿವರಿಸುವುದಿಲ್ಲ. ವಿವರಿಸಬೇಕಾದ ಅಗತ್ಯವೂ ಬೀಳುವುದಿಲ್ಲ. ಬೇರೊಂದು ಕಾಲದಲ್ಲಿ, ಬೇರೊಂದು ಮನೆಯಲ್ಲಿ ಈಕೆ ವೈದ್ಯೆಯಾಗುತ್ತಿದ್ದಳೆಂಬುದು ಓದುಗನಿಗೆ ತಾನಾಗಿ ತೋರುತ್ತದೆ.

ಕಥೆಯನ್ನು ನಿರೂಪಿಸುವ ಕ್ರಮದಲ್ಲಿಯೂ ಒಂದು ವಿಶೇಷವಿದೆ. ಇಲ್ಲಿ ಕಾಲಗಣನೆಯು ರಾಜರ ಆಳ್ವಿಕೆಯಿಂದಾಗಲಿ ಸಂವತ್ಸರಗಳಿಂದಾಗಲಿ ಅಷ್ಟಾಗಿ ನಡೆಯದೆ, ಮನೆಯಲ್ಲಿ ಆದ ಮದುವೆ, ಹೆರಿಗೆ, ಸಾವುಗಳಿಂದ ನಡೆಯುತ್ತದೆ. ಹೆಂಗಸರು ಹೆಂಗಸರಿಗೆ ಹಿತ್ತಲಿನಲ್ಲಿ ಹೇಳುವ ಕಥೆಯ ರೀತಿ ಇದು. ಕೆಲವು ವಿಮರ್ಶಕರು ಇದನ್ನು ಸಂವಿಧಾನದ ಶೈಥಿಲ್ಯವೆಂದು ಭಾವಿಸಬಹುದು. ಒಂದು ಶತಮಾನಕ್ಕೂ ಹೆಚ್ಚಿನ ಜೀವನವನ್ನು ಇಷ್ಟು ಚಿಕ್ಕ ಗ್ರಂಥದಲ್ಲಿ ಎಲ್ಲಿಯೂ ಗೋಜಲಾಗದಂತೆ ಅಡಗಿಸಿರುವುದನ್ನು ನೋಡಿದರೆ ಶೈಥಿಲ್ಯವೆಂಬ ಮಾತು ನಿಲ್ಲುವುದಿಲ್ಲ. ಆದರೆ ಅಲ್ಲಲ್ಲಿ ಗ್ರಂಥಕರ್ತ್ರಿಯು ಕಥೆಯನ್ನು ನಿಲ್ಲಿಸಿ, ಆಚಾರಗಳ ಕ್ರೌರ್ಯವನ್ನು ತಾವೇ ಮುಂದೆ ಬಂದು ಖಂಡಿಸುವುದುಂಟು. ಅಲ್ಲಿ ಪರಿಣಾಮವು ಕುಗ್ಗುತ್ತದೆ. ಫಣಿಯಮ್ಮನ ಮೌನವೇ ಹೇಳಿಮುಗಿಸಿದುದನ್ನು ಮತ್ತೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದುಂಟು. ಫಣಿಯಮ್ಮನನ್ನು ತಪಸ್ವಿನಿಯಂತೆ ಚಿತ್ರಿಸುವುದರಿಂದ, ಅವಳನ್ನು ಹಾಗೆ ಮಾಡಿದ ಪದ್ಧತಿಗೇ ಒಂದು ಪಾವಿತ್ರ್ಯ ಬಂದಂತಾಗಲಿಲ್ಲವೆ ಎಂಬುದು. ನಾವು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಇದನ್ನೇ ಕೇಳಿದಳು. ಆ ದಿನ ನಾವು ಕೊಟ್ಟ ಉತ್ತರವು ನಮಗೇ ಸಮಾಧಾನಕರವಾಗಿರಲಿಲ್ಲ. ಈಗ ತೋರುವುದೇನೆಂದರೆ, ಈ ಅಪಾಯವನ್ನು ಗ್ರಂಥಕರ್ತ್ರಿಯೂ ಅರಿತಿದ್ದರು. ಆದುದರಿಂದಲೇ ಮುಂಡನಕ್ಕೆ ಒಪ್ಪದೆ ಎದುರುನಿಲ್ಲುವ ದಾಕ್ಷಾಯಿಣಿಯೆಂಬ ತರುಣ ವಿಧವೆಯನ್ನು ತಂದು ನಿಲ್ಲಿಸಿದರು. ಆಕೆಯ ಪರವಾಗಿ ಮಾತನಾಡುವ ಕೆಲಸವನ್ನು ಬೇರಾರಿಗೂ ಕೊಡದೆ ಫಣಿಯಮ್ಮನಿಗೇ ಕೊಟ್ಟರು. ತಾನು ಅನುಭವಿಸಿದುದು ಮತ್ತೊಬ್ಬಳಿಗೆ ಆಗಬಾರದೆಂದು ಹೇಳುವ ಅಧಿಕಾರ ಫಣಿಯಮ್ಮನಿಗುಂಟು. ಅವಳ ಸಹನೆಯಿಂದ ಇತರರು ಪಾಠ ಕಲಿಯಬೇಕೆಂದು ಹೇಳುವ ಅಧಿಕಾರ ನಮಗಿಲ್ಲ.

ಆರಂಭದಲ್ಲಿ ಎತ್ತಿಕೊಂಡ ಮಾತಿನ ದೋಷವೂ ಇಲ್ಲಿಯೇ ಇದೆ. ಅನುಭವವು ಓದಿನ ಕೊರತೆಯನ್ನು ತುಂಬಿತೆಂದು ಹೇಳಿದಾಗ, ಓದನ್ನು ತಡೆದ ಮನೆಯೇ ಅದಕ್ಕೆ ಬೆಲೆಯನ್ನೂ ತೆತ್ತು ಋಣಮುಕ್ತವಾಯಿತೆಂಬ ಅರ್ಥ ಬರುತ್ತದೆ. ಸೋದರನ ವಿಷಯದಲ್ಲಿ ನಾವು ಹೀಗೆ ಲೆಕ್ಕಹಾಕುವುದಿಲ್ಲ. ಹೊರಗಿನ ಉದ್ಯೋಗದಿಂದ ಅವರಿಗೆ ಮನೆಯ ಅನುಭವವು ಕಡಮೆಯಾಯಿತೆಂದು ಯಾರೂ ಮರುಗಿದುದಿಲ್ಲ.

‘ಗೆಜ್ಜೆಪೂಜೆ’ಯಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಬರುತ್ತದೆ. 1966ರ ಈ ಕೃತಿಯನ್ನು ಪುಟ್ಟಣ್ಣ ಕಣಗಾಲ್ ಅವರು ಚಲನಚಿತ್ರವಾಗಿಸಿದುದರಿಂದ ಕಥೆಯು ಎಲ್ಲರಿಗೂ ತಿಳಿದಿದೆ. ಇಲ್ಲಿ ಹೆಣ್ಣಿಗೆ ವೃತ್ತಿಯಿಲ್ಲವೆಂಬುದು ದುಃಖವಲ್ಲ. ತಾಯಿಯಿಂದ ಮಗಳಿಗೆ ಬರುವ ವೃತ್ತಿಯೊಂದು ಹುಟ್ಟುವಾಗಲೇ ಕಾದುಕುಳಿತಿರುವುದು ದುಃಖ. ಚಂದ್ರಾ ವಿದ್ಯೆಯಿಂದ ಅದನ್ನು ದಾಟಲು ಹೊರಡುತ್ತಾಳೆ. ದಾಟಿಸುವ ಶಕ್ತಿ ವಿದ್ಯೆಗೆ ಇಲ್ಲದೆ ಹೋಗುತ್ತದೆ. ಏಕೆಂದರೆ ಸಮಾಜವು ಅವಳನ್ನು ಕೇಳುವುದು ಎಷ್ಟು ಓದಿದ್ದೀಯೆ ಎಂದಲ್ಲ, ತಂದೆಯಾರು ಎಂದು. ಕಲೆಯ ದೃಷ್ಟಿಯಿಂದ ಈ ಕೃತಿಯು ‘ಫಣಿಯಮ್ಮ’ನ ಮಟ್ಟಕ್ಕೆ ಬರಲಿಲ್ಲ, ಕಣ್ಣೀರಿಗೆ ಎಡೆ ಹೆಚ್ಚಾಯಿತು.

ಇಂದಿರಾ ಅವರು 1994ರಲ್ಲಿ ತೀರಿಕೊಳ್ಳುವುದರೊಳಗಾಗಿ ಸುಮಾರು ಐವತ್ತು ಕಾದಂಬರಿಗಳನ್ನೂ ಹದಿನೈದು ಕಥಾಸಂಗ್ರಹಗಳನ್ನೂ ಬರೆದರು. ‘ತುಂಗಭದ್ರಾ’, ‘ಸದಾನಂದ’, ‘ನವರತ್ನ’, ‘ಫಣಿಯಮ್ಮ’ ಎಂಬ ನಾಲ್ಕು ಕೃತಿಗಳಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಇವುಗಳನ್ನು ಬಿಟ್ಟರೆ ಉಳಿದ ಕೃತಿಗಳಲ್ಲಿ ಗುಣವು ಒಂದೇ ಸಮನಾಗಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದಕ್ಕೆ ಕಾರಣವನ್ನು ಶಾಲೆಯ ಏಳು ವರ್ಷಗಳಲ್ಲಿ ಹುಡುಕುವುದು ಸರಿಯಲ್ಲ. ಪತ್ರಿಕಾಲಯದಲ್ಲಿ ಕೆಲಸ ಮಾಡುವವನ ಬರಹವನ್ನು ದಿನದಿನವೂ ಯಾರಾದರೊಬ್ಬರು ನೋಡುತ್ತಾರೆ. ಒಂದು ವಾಕ್ಯವನ್ನು ಹೊಡೆದುಹಾಕುತ್ತಾರೆ. ಒಂದು ಶಬ್ದಕ್ಕಾಗಿ ಜಗಳವಾಡುತ್ತಾರೆ. ಕಾಲೇಜಿನ ಲೇಖಕರಿಗೆ ಸಹೋದ್ಯೋಗಿಗಳುಂಟು. ಅಡಿಗೆಮನೆಯ ಮಗ್ಗುಲಲ್ಲಿ ಬರೆಯುವವರಿಗೆ ಅಭಿಮಾನಿಗಳು ದೊರೆಯಬಹುದು, ಪ್ರಕಾಶಕರ ಒತ್ತಾಯ ದೊರೆಯಬಹುದು. ಇಂತಹ ಜಗಳಗಂಟ ಸ್ನೇಹಿತರು ಸುಲಭವಾಗಿ ದೊರೆಯುವುದಿಲ್ಲ. ಹನ್ನೆರಡಕ್ಕೂ ನಲವತ್ತೈದಕ್ಕೂ ನಡುವಣ ಮೂವತ್ತಮೂರು ವರ್ಷಗಳಲ್ಲಿ ಅವರಿಗೆ ತಪ್ಪಿಹೋದುದರಲ್ಲಿ ಇದೂ ಒಂದೆಂದು ನಾವು ಎಣಿಸುತ್ತೇವೆ. ನಮ್ಮ ಪಠ್ಯಗಳ ಕವಿಪರಿಚಯದ ಟಿಪ್ಪಣಿಗಳು ಸಾಮಾನ್ಯವಾಗಿ ವಿವಾಹದಿಂದ ಮೊದಲ ಕಾದಂಬರಿಗೆ ಒಂದೇ ವಾಕ್ಯದಲ್ಲಿ ನೆಗೆದುಬಿಡುತ್ತವೆ.

‘ಫಣಿಯಮ್ಮ’ನನ್ನು 1983ರಲ್ಲಿ ಚಲನಚಿತ್ರವಾಗಿ ನಿರ್ದೇಶಿಸಿದವರು ಪ್ರೇಮಾ ಕಾರಂತರು, ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದವರು. 1989ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ತೇಜಸ್ವಿನಿ ನಿರಂಜನ. ಅನುಪಮಾ ನಿರಂಜನ ಅವರ ಮಗಳು. ಓದಿಲ್ಲದ ವಿಧವೆಯೊಬ್ಬಳು ಬನಶಂಕರಮ್ಮನವರ ಬಳಿ ಹೇಳಿಕೊಂಡ ಕಥೆಯು, ಏಳು ವರ್ಷ ಓದಿದ ಮಗಳ ಕೈದಾಟಿ, ತೀರ್ಥಹಳ್ಳಿಯಲ್ಲಿಯೇ ಹುಟ್ಟಿ ವೈದ್ಯೆಯಾದವರ ಮಗಳ ಲೇಖನಿಯಿಂದ ಹೊರನಾಡನ್ನು ಸೇರಿತು.